ಕಾರಿನಲ್ಲಿ ಸಂಗೀತ: ಮಿತವ್ಯಯದ ಒಂದು ಯೋಜನೆ

ದಾರಿ ಸಾಗಬೇಕಾದರೆ ಜೊತೆಗೊಂದು ನಾದವಿರಬೇಕೆಂಬ ಆಸೆ ಮನುಷ್ಯನಿಗೆ ಬಹಳ ಹಳೆಯದು. ಎತ್ತಿನ ಕೊರಳ ಗಂಟೆಸರವೂ ಗಾಡಿ ಹೊಡೆಯುವವನ ಹಾಡೂ ಈ ಆಸೆಗೆ ಸಾಕ್ಷಿ. ಮೋಟಾರು ಗಾಡಿ ಬಂದ ಮೇಲೆ ಅದೇ ಆಸೆ ಯಂತ್ರದ ರೂಪ ತಾಳಿತು. ೧೯೩೦ ರಲ್ಲಿ ಅಮೆರಿಕದ ಷಿಕಾಗೊ ನಗರದ ಗ್ಯಾಲ್ವಿನ್ ಸಹೋದರರ ಕಂಪನಿಯು ಕಾರಿಗೆ ಜೋಡಿಸುವ ರೇಡಿಯೊ ಒಂದನ್ನು ಮಾರಾಟಕ್ಕೆ ತಂದು, ಅದಕ್ಕೆ ಮೋಟೊರೋಲ ಎಂದು ಹೆಸರಿಟ್ಟಿತು. ಅದರ ಬೆಲೆ ನೂರು ಡಾಲರಿಗೂ ಮೇಲೆ. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಅದು ಉಳ್ಳವರ ಸೊತ್ತಾಗಿತ್ತು. ೧೯೬೩ ರಲ್ಲಿ ಫಿಲಿಪ್ಸ್ ಕಂಪನಿಯ ಪುಟ್ಟ ಕ್ಯಾಸೆಟ್ಟು ಬಂದಿತು. ಮುಂದೆ ಅದೂ ಕಾರನ್ನೇರಿತು. ಇಂದು ಅಂಗೈಯಗಲದ ಮೊಬೈಲ್ ಫೋನೇ ಸಂಗೀತದ ಭಂಡಾರ. ಹಾಡು ಹೀಗೆ ಅಗ್ಗವಾಯಿತು. ಅದನ್ನು ಚೆನ್ನಾಗಿ ಕೇಳಿಸುವ ಉಪಕರಣ ಮಾತ್ರ ಅಷ್ಟು ಅಗ್ಗವಾಗಲಿಲ್ಲ.

ನಮ್ಮಂಥ ಕಾಲೇಜಿನಿಂದ ಹೊರಬಿದ್ದ ತರುಣನೋ ತರುಣಿಯೋ ನೌಕರಿ ಹಿಡಿದು, ಕೆಲವು ವರ್ಷ ಉಳಿತಾಯ ಮಾಡಿ, ಬೇರೆಯವರು ಬಳಸಿದ ಸಣ್ಣ ಕಾರೊಂದನ್ನು ಕೊಂಡರೆಂದು ಇಟ್ಟುಕೊಳ್ಳೋಣ. ಸಾಲದ ಕಂತು, ವಿಮೆ, ಪೆಟ್ರೋಲು ಎಲ್ಲ ಕಳೆದು ಕೈಯಲ್ಲಿ ಇಪ್ಪತ್ತು ಸಾವಿರ ರೂಪಾಯಿ ಉಳಿದಿದೆ. ಕಾರಿನಲ್ಲಿರುವ ಸ್ಪೀಕರ್ ಗೊರಗೊರ ಎನ್ನುತ್ತದೆ. ಬೆಂಗಳೂರಿನ ಜೆ. ಸಿ. ರಸ್ತೆಯಂಥ ಕಡೆಗೆ ಹೋದರೆ ಸಾಲುಸಾಲಾಗಿ ಅಂಗಡಿಗಳು. ಪೆಟ್ಟಿಗೆಯ ಮೇಲೆ ಸಾವಿರ ವಾಟು, ಎರಡು ಸಾವಿರ ವಾಟು ಎಂಬ ದಪ್ಪಕ್ಷರಗಳು. ಈ ಹಣವನ್ನು ಯಾವುದಕ್ಕೆ ಮೊದಲು ಹಾಕಬೇಕು, ಯಾವುದಕ್ಕೆ ಆಮೇಲೆ? ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಕಷ್ಟಪಟ್ಟು ಕೂಡಿಟ್ಟ ಹಣವೂ ಹುಟ್ಟಿನೊಡನೆ ಬಂದ ಕಿವಿಯೂ ಈ ಪ್ರಶ್ನೆಯಲ್ಲಿ ಸೇರಿವೆ. ಕ್ರಮ ತಪ್ಪಿದ ಖರ್ಚು ಎರಡನ್ನೂ ಕೆಡಿಸಬಲ್ಲದು. ಆದುದರಿಂದ ಇದನ್ನು ಸ್ವಲ್ಪ ವಿಚಾರಿಸೋಣ.

ಶಬ್ದವು ನಮ್ಮ ಕಿವಿಗೆ ಬರುವ ಮುನ್ನ ನಾಲ್ಕು ಘಟ್ಟಗಳನ್ನು ದಾಟುತ್ತದೆ. ಹಾಡು ಹೊರಡುವ ಸ್ಟೀರಿಯೊ ಮೊದಲನೆಯದು. ಅದರ ವಿದ್ಯುತ್ ಸಂಕೇತವನ್ನು ಬಲಪಡಿಸುವ ಆಂಪ್ಲಿಫೈಯರ್ ಎರಡನೆಯದು; ಸಾಮಾನ್ಯ ಕಾರುಗಳಲ್ಲಿ ಇದು ಸ್ಟೀರಿಯೊದ ಹೊಟ್ಟೆಯಲ್ಲಿಯೇ ಅಡಗಿರುತ್ತದೆ. ವಿದ್ಯುತ್ತನ್ನು ಗಾಳಿಯ ಕಂಪನವನ್ನಾಗಿ ಮಾಡುವ ಸ್ಪೀಕರ್ ಮೂರನೆಯದು. ಸ್ಪೀಕರನ್ನು ಹಿಡಿದುಕೊಂಡಿರುವ ಬಾಗಿಲು ನಾಲ್ಕನೆಯದು. ಈ ನಾಲ್ಕರಲ್ಲಿ ಯಾವುದು ದುರ್ಬಲವೋ ಅದರ ಮಟ್ಟಕ್ಕೇ ಉಳಿದ ಮೂರೂ ಇಳಿಯುತ್ತವೆ. ಸಣ್ಣ ಕಾರುಗಳಲ್ಲಿ ದೌರ್ಬಲ್ಯವಿರುವುದು ಬಹುಮಟ್ಟಿಗೆ ಕೊನೆಯ ಎರಡರಲ್ಲಿ. ಅಂಗಡಿಯ ಕನ್ನಡಿ ಕಪಾಟಿನಲ್ಲಿ ಥಳಥಳಿಸುವುದಾದರೋ ಮೊದಲನೆಯದು. ಮೋಸಹೋಗುವುದು ಇಲ್ಲಿಯೇ.

ಕಾಸು ಬಿಚ್ಚುವ ಮುನ್ನ ಮಾಡಬೇಕಾದ ಕೆಲಸವೊಂದಿದೆ. ಗಾಡಿಯನ್ನು ಸದ್ದಿಲ್ಲದ ಕಡೆ ನಿಲ್ಲಿಸಿ, ಚೆನ್ನಾಗಿ ಪರಿಚಯವಿರುವ ಎರಡು ಮೂರು ಹಾಡುಗಳನ್ನು ಹಾಕಿ, ಗಮನವಿಟ್ಟು ಕೇಳಬೇಕು. ಸ್ಟೀರಿಯೊದಲ್ಲಿ ಹೆಚ್ಚಿಸಿಟ್ಟ ಬಾಸ್ ಮತ್ತು ಟ್ರೆಬಲ್‌ಗಳನ್ನು ಸೊನ್ನೆಗೆ ತರಬೇಕು. ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು ೨೦ ರಿಂದ ೨೦,೦೦೦ ಕಂಪನಗಳವರೆಗಿನ ಶಬ್ದ ಕೇಳಿಸುತ್ತದೆ. ಮೃದಂಗದ ಎಡಬದಿಯ ಗುಂಕಾರ ಇದರಲ್ಲಿ ತಗ್ಗಿನದು. ಗಂಡಸರ ಮಾತಿನ ಮೂಲಸ್ವರ ನೂರರ ಆಸುಪಾಸಿನಲ್ಲಿ, ಹೆಂಗಸರದು ಇನ್ನೂರರ ಆಸುಪಾಸಿನಲ್ಲಿ ಇರುತ್ತದೆ. ‘ಸ’ ‘ಶ’ ಎಂಬ ಊಷ್ಮಾಕ್ಷರಗಳ ಸೀಟಿ ಹಲವು ಸಾವಿರ ಕಂಪನಗಳದು. ಭಾಷೆಯ ವಿದ್ಯಾರ್ಥಿಗೆ ಇದೇ ಒಂದು ಪರೀಕ್ಷೆಯಾದೀತು: ಹಾಡಿನ ‘ಸ’ಕಾರವೂ ‘ಶ’ಕಾರವೂ ಒಂದೇ ಆಗಿ ಕೇಳಿದರೆ ಮೇಲಿನ ಸ್ವರಗಳು ಸರಿಯಾಗಿ ಬರುತ್ತಿಲ್ಲ; ‘ಸ’ಕಾರ ಕಿವಿಯನ್ನು ಇರಿದರೆ ಅಳತೆ ಮೀರಿ ಬರುತ್ತಿವೆ. ಬಾಗಿಲ ಜೇಬಿನಲ್ಲಿಟ್ಟ ಬಾಟಲಿಯೋ ಸಡಿಲಾದ ಸ್ಕ್ರೂವೋ ಗಡಗಡ ಎನ್ನುತ್ತಿರಬಹುದು. ಅದನ್ನು ಸರಿಪಡಿಸಲು ಹಣ ಬೇಕಿಲ್ಲ. ಇರುವ ಕೊರತೆಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಂಡರೆ ಅಂಗಡಿಯವರ ಮಾತಿಗೆ ಮರುಳಾಗುವ ಸಂಭವ ಕಡಮೆ.

ಈಗ ವಾಟಿನ ಲೆಕ್ಕ. ಸ್ಟೀರಿಯೊದ ಪೆಟ್ಟಿಗೆಯ ಮೇಲೆ ‘೫೦ ವಾಟು, ನಾಲ್ಕು’ ಎಂದು ಅಚ್ಚಾಗಿರುವುದು ಸಾಮಾನ್ಯ. ಎಂಜಿನ್ ಓಡುವಾಗ ಕಾರಿನಲ್ಲಿ ದೊರೆಯುವ ವಿದ್ಯುತ್ತಿನ ಒತ್ತಡ ಸುಮಾರು ೧೪ ವೋಲ್ಟು. ಸ್ಪೀಕರಿನ ತಡೆ ೪ ಓಂ. ೧೪ ನ್ನು ೧೪ ರಿಂದ ಗುಣಿಸಿ ೪ ರಿಂದ ಭಾಗಿಸಿದರೆ ೪೯ ಬರುತ್ತದೆ. ಪೆಟ್ಟಿಗೆಯ ೫೦ ಎಂದರೆ ಇದೇ. ಅಲೆಯ ಶಿಖರದಲ್ಲಿ ಕ್ಷಣಮಾತ್ರ ತಲಪಬಹುದಾದ ಸಂಖ್ಯೆ. ಅಲೆ ಏರಿಳಿಯುತ್ತಿರುವುದರಿಂದ ಸರಾಸರಿ ಸಾಮರ್ಥ್ಯ ಅದರ ಅರ್ಧ, ಎಂದರೆ ಸುಮಾರು ೨೫ ವಾಟು. ಒಳಗಿನ ನಷ್ಟ ಕಳೆದರೆ ಶುದ್ಧವಾಗಿ ಸಿಗುವುದು ೧೫ ರಿಂದ ೨೦ ಮಾತ್ರ. ನಂಬಿಕೆಯಾಗದಿದ್ದರೆ ಫ್ಯೂಸನ್ನು ನೋಡಬಹುದು. ಅನೇಕ ಸ್ಟೀರಿಯೊಗಳ ಬೆನ್ನಿಗೆ ೧೦ ಆಂಪಿಯರಿನ ಫ್ಯೂಸಿರುತ್ತದೆ. ಹತ್ತನ್ನು ಹದಿನಾಲ್ಕರಿಂದ ಗುಣಿಸಿದರೆ ೧೪೦ ವಾಟು. ಒಳಗೆ ಹೋಗುವುದೇ ೧೪೦ ಆದಾಗ ಹೊರಗೆ ಒಂದೇ ಸಮನೆ ೨೦೦ ಬರುವುದು ಹೇಗೆ? ಆದುದರಿಂದ ‘ಪೀಕ್’ ಎಂಬ ಅಂಕಿಯನ್ನು ಬಿಟ್ಟು, ‘ಆರ್. ಎಂ. ಎಸ್.’ ಎಂದು ನಮೂದಿಸಿದ ಅಂಕಿಯನ್ನೇ ಕೇಳಿ ತಿಳಿಯಬೇಕು.

ವಾಟಿಗಿಂತ ಮುಖ್ಯವಾದ ಇನ್ನೊಂದು ಅಂಕಿ ಸ್ಪೀಕರಿನ ಸೂಕ್ಷ್ಮತೆ. ೧ ವಾಟು ಕೊಟ್ಟಾಗ ೧ ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಶಬ್ದವಾಗುತ್ತದೆ ಎಂಬುದೇ ಅದು. ವಾಟು ಇಮ್ಮಡಿಯಾದರೆ ಶಬ್ದ ಏರುವುದು ೩ ಡೆಸಿಬೆಲ್ ಮಾತ್ರ. ಹೀಗಾಗಿ ೮೭ ಡೆಸಿಬೆಲಿನ ಸ್ಪೀಕರಿಗೆ ೪೦ ವಾಟು ಕೊಟ್ಟು ಪಡೆಯುವ ಶಬ್ದವನ್ನು ೯೦ ಡೆಸಿಬೆಲಿನ ಸ್ಪೀಕರ್ ೨೦ ವಾಟಿಗೇ ಕೊಡುತ್ತದೆ. ಕೆಲವರು ೧ ವಾಟಿನ ಬದಲು ೨.೮೩ ವೋಲ್ಟು ಕೊಟ್ಟು ಅಳೆಯುತ್ತಾರೆ. ೪ ಓಂ ಸ್ಪೀಕರಿನಲ್ಲಿ ಅದು ೨ ವಾಟಾಗುವುದರಿಂದ ಅಂಕಿ ೩ ಹೆಚ್ಚಾಗಿ ಕಾಣುತ್ತದೆ. ಹೋಲಿಸುವಾಗ ಒಂದೇ ಅಳತೆಗೋಲಿನಿಂದ ಹೋಲಿಸಬೇಕು.

ಮೊದಲ ಹಣ ಹೋಗಬೇಕಾದುದು ಮುಂದಿನ ಬಾಗಿಲುಗಳ ಜೋಡಿ ಸ್ಪೀಕರಿಗೆ, ಹಿಂದಿನವಕ್ಕಲ್ಲ. ಕಛೇರಿಯಲ್ಲಿ ಗಾಯಕರು ನಮ್ಮ ಎದುರಿಗೆ ಕುಳಿತಿರುತ್ತಾರೆ, ಬೆನ್ನ ಹಿಂದೆ ಅಲ್ಲವಷ್ಟೆ. ಇಲ್ಲಿ ಎರಡು ಬಗೆಗಳಿವೆ. ಒಂದೇ ಚೌಕಟ್ಟಿನಲ್ಲಿ ದೊಡ್ಡದೂ ಚಿಕ್ಕದೂ ಕೂಡಿರುವುದು ಕೋಆಕ್ಸಿಯಲ್. ಇದು ಅಗ್ಗ, ಜೋಡಿಸುವುದೂ ಸುಲಭ. ಟ್ವೀಟರ್ ಎಂಬ ಚಿಕ್ಕ ಸ್ಪೀಕರನ್ನು ಬೇರೆಯಾಗಿ ಕೊಡುವುದು ಕಾಂಪೊನೆಂಟ್. ಸೆಕೆಂಡಿಗೆ ೧೦,೦೦೦ ಕಂಪನದ ಅಲೆಯ ಉದ್ದ ಮೂರೂವರೆ ಸೆಂಟಿಮೀಟರಿಗೂ ಕಡಮೆ. ಮೊಣಕಾಲು ಅಡ್ಡ ಬಂದರೂ ಅದು ತಡೆಯುತ್ತದೆ. ಟ್ವೀಟರನ್ನು ಡ್ಯಾಶ್‌ಬೋರ್ಡಿನ ಎತ್ತರಕ್ಕೆ ತಂದರೆ ಹಾಡು ಕಾಲಿನ ಬಳಿಯಿಂದ ಕಣ್ಣಿನ ಮಟ್ಟಕ್ಕೆ ಏರಿದಂತೆ ಕೇಳುವುದಕ್ಕೆ ಇದೇ ಕಾರಣ. ಕೊಳ್ಳುವ ಮುನ್ನ ಬಾಗಿಲಿನ ಕಿಂಡಿಯ ಅಗಲವನ್ನೂ, ಗಾಜು ಇಳಿದಾಗ ಉಳಿಯುವ ಆಳವನ್ನೂ ಅಳೆಯಬೇಕು.

ಇನ್ನು ಬಾಗಿಲು. ವೀಣೆಯ ಕೊಡ ಕಂಪಿಸಬೇಕು. ಕಂಪಿಸಿದರೇ ಅದಕ್ಕೆ ನಾದ. ಕಾರಿನ ಬಾಗಿಲಿನ ಧರ್ಮ ಇದಕ್ಕೆ ತೀರ ವಿರುದ್ಧ, ಅದು ಮೌನವಾಗಿರಬೇಕು. ಸ್ಪೀಕರಿನ ಪೊರೆ ಮುಂದಕ್ಕೆ ತಳ್ಳಿದಾಗ ಮುಂಭಾಗದ ಗಾಳಿ ಒತ್ತಿಕೊಳ್ಳುತ್ತದೆ, ಹಿಂಭಾಗದ ಗಾಳಿ ಸಡಿಲವಾಗುತ್ತದೆ. ಬಾಗಿಲಿನ ಒಳತಗಡಿನಲ್ಲಿರುವ ದೊಡ್ಡ ತೂತುಗಳ ಮೂಲಕ ಇವೆರಡೂ ಕೂಡಿಕೊಂಡರೆ ಒಂದನ್ನೊಂದು ಅಳಿಸಿಹಾಕುತ್ತವೆ. ತಗ್ಗಿನ ಸ್ವರಗಳು ಮಾಯವಾಗುತ್ತವೆ. ಬ್ಯೂಟೈಲ್ ರಬ್ಬರಿನ ಡ್ಯಾಂಪಿಂಗ್ ಶೀಟನ್ನು ಹೊರತಗಡಿನ ಒಳಮೈಗೆ ಅಂಟಿಸಿ, ಒಳತಗಡಿನ ತೂತುಗಳನ್ನು ಮುಚ್ಚಿದರೆ ಅದೇ ಸ್ಪೀಕರಿನಿಂದ ಮೊದಲಿಲ್ಲದ ಗಾಂಭೀರ್ಯ ಹೊರಡುತ್ತದೆ. ಬಾಗಿಲಿನ ತಳದಲ್ಲಿ ಮಳೆನೀರು ಇಳಿಯುವ ಸಣ್ಣ ರಂಧ್ರಗಳನ್ನು ಮಾತ್ರ ಎಂದಿಗೂ ಮುಚ್ಚಬಾರದು. ಮುಚ್ಚಿದರೆ ತಗಡು ತುಕ್ಕು ಹಿಡಿಯುತ್ತದೆ.

ಮೂರನೆಯ ಮೆಟ್ಟಿಲು ಆಂಪ್ಲಿಫೈಯರ್. ನಾಲ್ಕು ಚಾನೆಲಿನದನ್ನು ಕೊಳ್ಳುವುದು ದೂರದೃಷ್ಟಿ. ಎರಡು ಚಾನೆಲುಗಳು ಈಗ ಮುಂದಿನ ಸ್ಪೀಕರಿಗೆ. ಉಳಿದೆರಡನ್ನು ಜೋಡಿಸಿ ಮುಂದೊಂದು ದಿನ ಸಬ್‌ವೂಫರಿಗೆ ಕೊಡಬಹುದು. ಸ್ಪೀಕರಿನ ತಂತಿಯಿಂದಲೇ ಸಂಕೇತವನ್ನು ತೆಗೆದುಕೊಳ್ಳುವ ‘ಹೈ ಲೆವೆಲ್’ ಸೌಕರ್ಯ ಅದರಲ್ಲಿದ್ದರೆ ಹಳೆಯ ಸ್ಟೀರಿಯೊವನ್ನು ಕಿತ್ತೆಸೆಯಬೇಕಾಗಿಲ್ಲ. ನಿಜವಾದ ೫೦ ವಾಟಿನ ನಾಲ್ಕು ಚಾನೆಲೆಂದರೆ ೨೦೦ ವಾಟು. ನಷ್ಟ ಸೇರಿ ಬ್ಯಾಟರಿಯಿಂದ ೨೫೦ ವಾಟು ಬೇಕಾದರೆ ತಂತಿಯಲ್ಲಿ ಹರಿಯುವುದು ಸುಮಾರು ೧೮ ಆಂಪಿಯರ್. ತೆಳ್ಳನೆಯ ತಂತಿ ಇದನ್ನು ತಾಳದು. ಅಗ್ಗದ ತಂತಿಗಳಲ್ಲಿ ತಾಮ್ರದ ಲೇಪವಿರುವ ಅಲ್ಯೂಮಿನಿಯಂ ಇರುವುದುಂಟು; ಅಲ್ಯೂಮಿನಿಯಂ ತಾಮ್ರದ ಶೇಕಡ ೬೦ ರಷ್ಟು ಮಾತ್ರ ವಿದ್ಯುತ್ತನ್ನು ಹರಿಯಗೊಡುತ್ತದೆ. ಬ್ಯಾಟರಿಯಿಂದ ೪೫ ಸೆಂಟಿಮೀಟರಿನೊಳಗೆ ಫ್ಯೂಸನ್ನು ಕೂಡಿಸಲೇಬೇಕು. ತಗಡಿನ ತೂತಿನಲ್ಲಿ ತಂತಿ ಹಾಯುವಲ್ಲಿ ರಬ್ಬರಿನ ಬಳೆ ಇರಬೇಕು. ತಂತಿ ಸವೆದು ಕಾರಿನ ಮೈಗೆ ತಗುಲಿದಾಗ ಬೆಂಕಿಯನ್ನು ತಡೆಯುವುದು ಆ ಫ್ಯೂಸೊಂದೇ. ಹಣ ಸಾಲದೆಂದು ಬೇರೆ ಯಾವುದನ್ನು ಬಿಟ್ಟರೂ ಇದನ್ನು ಬಿಡಬಾರದು.

ಸಬ್‌ವೂಫರ್ ಕೊನೆಯದು. ಓಡುವ ಕಾರಿನ ಗಾಲಿ ಮತ್ತು ಎಂಜಿನ್ನಿನ ಮೊರೆತ ಬಹುಪಾಲು ತಗ್ಗಿನ ಸ್ವರಗಳಲ್ಲಿರುತ್ತದೆ. ಅದು ಹಾಡಿನ ತಗ್ಗಿನ ಸ್ವರವನ್ನು ಮುಚ್ಚುವುದರಿಂದಲೇ ನಮಗೆ ಬಾಸ್ ಸಾಲದೆನಿಸುತ್ತದೆ. ಸೆಕೆಂಡಿಗೆ ೫೦ ಕಂಪನದ ಅಲೆ ಸುಮಾರು ಏಳು ಮೀಟರ್ ಉದ್ದ, ಎಂದರೆ ಕಾರಿಗಿಂತಲೂ ಉದ್ದ. ಅದು ಎಲ್ಲಿಂದ ಬಂತೆಂದು ಕಿವಿ ಗುರುತಿಸಲಾರದು. ಆದುದರಿಂದಲೇ ಸಬ್‌ವೂಫರನ್ನು ಡಿಕ್ಕಿಯಲ್ಲಿಡಬಹುದು. ಬಾಗಿಲು ಸರಿಯಾದ ಮೇಲೂ ಕೊರತೆ ಉಳಿದರೆ ಆಗ ಇದನ್ನು ಯೋಚಿಸಿದರಾಯಿತು.

ಉದಾಹರಣೆಗೆ ನಮ್ಮ ಇಪ್ಪತ್ತು ಸಾವಿರವನ್ನು ಹೀಗೆ ಹಂಚಬಹುದು: ಮುಂದಿನ ಜೋಡಿ ಸ್ಪೀಕರಿಗೆ ೭,೦೦೦, ಎರಡು ಬಾಗಿಲುಗಳ ಶೀಟಿಗೂ ಅದರ ಕೂಲಿಗೂ ೩,೦೦೦, ಆಂಪ್ಲಿಫೈಯರಿಗೆ ೭,೦೦೦, ತಾಮ್ರದ ತಂತಿ, ಫ್ಯೂಸು ಮತ್ತು ಜೋಡಣೆಗೆ ೩,೦೦೦. ಕೈಯಲ್ಲಿರುವುದು ಹತ್ತೇ ಸಾವಿರವಾದರೆ ಮೊದಲಿನ ಎರಡನ್ನು ಮಾಡಿ ನಿಲ್ಲಿಸಬಹುದು. ಇದರಲ್ಲಿ ಮಾಡಿದ ಯಾವ ಖರ್ಚೂ ಮುಂದಿನ ಮೆಟ್ಟಿಲಿನಲ್ಲಿ ವ್ಯರ್ಥವಾಗುವುದಿಲ್ಲ. ಕಾರಿನ ಮೂಲ ತಂತಿಗಳನ್ನು ಕತ್ತರಿಸದೆ, ಆ ಕಾರಿಗೆ ಹೊಂದುವ ಕಪ್ಲರ್ ಹಾಕಿಸಿದರೆ ಗಾಡಿ ಮಾರುವ ದಿನ ಎಲ್ಲವನ್ನೂ ಬಿಚ್ಚಿಕೊಂಡು ಹೊಸ ಗಾಡಿಗೆ ಒಯ್ಯಬಹುದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಹಾಸಿಗೆ ಬೆಳೆದಂತೆ ಕಾಲು ಚಾಚಲು ಅವಕಾಶವಿರುವಂತೆ ಹಾಸುವುದು ಯೋಜನೆ.

ಕೊನೆಯದಾಗಿ ಕಿವಿಯ ಮಾತು. ೮೫ ಡೆಸಿಬೆಲ್ ಶಬ್ದದಲ್ಲಿ ದಿನಕ್ಕೆ ಎಂಟು ಗಂಟೆ ಮಾತ್ರ ಇರಬಹುದು, ಅಲ್ಲಿಂದ ಪ್ರತಿ ೩ ಡೆಸಿಬೆಲ್ ಏರಿದಂತೆ ಆ ಅವಧಿಯನ್ನು ಅರ್ಧ ಮಾಡಬೇಕು ಎಂಬುದು ಅಮೆರಿಕದ ರಾಷ್ಟ್ರೀಯ ವೃತ್ತಿ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯ ಶಿಫಾರಸು. ಈ ಲೆಕ್ಕದಲ್ಲಿ ೧೦೦ ಡೆಸಿಬೆಲಿಗೆ ದೊರೆಯುವುದು ಕಾಲು ಗಂಟೆ. ಇಡೀ ದಿನ ಚಕ್ರ ಹಿಡಿದು ದುಡಿಯುವ ಟ್ಯಾಕ್ಸಿ ಚಾಲಕನಿಗೆ ಇದು ಹೊಟ್ಟೆಪಾಡಿನ ಪ್ರಶ್ನೆಯೂ ಹೌದು. ಹಿಂದಿನ ಗಾಡಿಯ ಹಾರನ್ನು ಕೇಳಿಸಬೇಕಲ್ಲವೆ? ಭಾರತದ ೨೦೦೦ ದ ಶಬ್ದಮಾಲಿನ್ಯ ನಿಯಮಗಳು ವಾಸದ ಬೀದಿಗಳಿಗೆ ಹಗಲು ೫೫, ರಾತ್ರಿ ೪೫ ಡೆಸಿಬೆಲಿನ ಮಿತಿಯನ್ನು ವಿಧಿಸಿವೆ. ಒಳ್ಳೆಯ ಸ್ಪೀಕರಿನ ಗುಣ ಸಣ್ಣ ದನಿಯಲ್ಲಿಯೇ ತಿಳಿಯುತ್ತದೆ. ಊರಿಗೆ ಹೋಗುವ ದಾರಿಯಲ್ಲಿ ಪಕ್ಕದಲ್ಲಿ ಕುಳಿತ ತಾಯಿ ದನಿಯೇರಿಸದೆ ಮಾತನಾಡುವಂತಿದ್ದು, ಹಾಡಿನ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳುತ್ತಿದ್ದರೆ ಆ ಇಪ್ಪತ್ತು ಸಾವಿರ ರೂಪಾಯಿ ಸಾರ್ಥಕವಾದಂತೆಯೇ ಸರಿ.