ಶಹಾಪುರದ ಸೀರೆ ಅಂಗಡಿಯ ತಮ್ಮನಿಗೆ



ಬೆಳಗಾವಿಯ ಶಹಾಪುರದಲ್ಲಿ ಸೀರೆ ಅಂಗಡಿ ತೆರೆದಿದ್ದೀಯ. ಲೆಕ್ಕವನ್ನು ಕನ್ನಡದಲ್ಲಿ ಬರೆಯಬೇಕೋ, ಮರಾಠಿಯಲ್ಲೋ, ಇಲ್ಲ ಇಂಗ್ಲಿಷಿನಲ್ಲೇ ಕಂಪ್ಯೂಟರಿನ ಟ್ಯಾಲಿ ಲೆಕ್ಕಕ್ಕೆ ಹಾಕಬೇಕೋ ಎಂದು ಕೇಳಿದ್ದೀಯ. ಈ ಊರಿನ ಎಷ್ಟೋ ಅಂಗಡಿಗಳಲ್ಲಿ ಇದೇ ಪ್ರಶ್ನೆ. ಗಲ್ಲೆಯ ಮೇಲೆ ಕೂತ ಹಿರಿಯರು ಮರಾಠಿಯಲ್ಲಿ ಬರೆಯುತ್ತಾರೆ, ಮಗ ಕನ್ನಡ ಶಾಲೆಯಲ್ಲಿ ಓದಿರುತ್ತಾನೆ, ತೆರಿಗೆ ರಿಟರ್ನ್ ತುಂಬುವವರ ಕಂಪ್ಯೂಟರಿನಲ್ಲಿ ಎಲ್ಲವೂ ಇಂಗ್ಲಿಷು. ನಿನ್ನ ಕೈಗೆ ಯಾವ ಭಾಷೆ ಸಲೀಸೋ ಅದರಲ್ಲಿ ಬರೆ. ಆದರೆ ಆ ದಿನದ್ದನ್ನು ಆ ದಿನವೇ, ಬಾಗಿಲು ಹಾಕುವ ಮೊದಲೇ ಬರೆದು ಮುಗಿಸು.

ಒಂದು ದಿನದ ಕೀರ್ದಿ ಹೀಗಿದೆ ಎಂದುಕೊ. ಮುಂಜಾನೆಯ ಶಿಲ್ಕು 4,200 ರೂಪಾಯಿ. ನಗದು ಮಾರಾಟ 11,350, ಹಳೇ ಉದ್ರಿ ವಸೂಲಿ 2,000. ವಡಗಾವಿಯ ನೇಕಾರರಿಗೆ ಕೊಟ್ಟದ್ದು 6,000, ಹಮಾಲಿ 150, ಚಹಾ 80. ಗಲ್ಲೆಯಲ್ಲಿ 11,320 ಇರಬೇಕು, ಎಣಿಸಿದರೆ 10,820 ಇದೆ. ಆ 500 ರೂಪಾಯಿ ಮಧ್ಯಾಹ್ನ ಮನೆಯ ಕಾಯಿಪಲ್ಲೆಗೆ ಹೋದದ್ದು ರಾತ್ರಿ ಎಂಟಕ್ಕೆ ನೆನಪಿಗೆ ಬರುತ್ತದೆ, ಎಂಟು ದಿನ ಬಿಟ್ಟರೆ ಬರುವುದಿಲ್ಲ. ಅದನ್ನು ಮನೆಖರ್ಚು ಎಂದೇ ಬರೆ, ಅಂಗಡಿ ಖರ್ಚಿಗೆ ಸೇರಿಸಬೇಡ. ಫೋನಿಗೆ ಬಂದ ರೊಕ್ಕಕ್ಕೆ ಬೇರೆ ಕಾಲಮು ಇರಲಿ.

ಆ ಬೇರೆ ಕಾಲಮಿನ ಬೆಲೆ 2025ರ ಜುಲೈನಲ್ಲಿ ಇಡೀ ರಾಜ್ಯಕ್ಕೆ ಗೊತ್ತಾಯಿತು. ಯುಪಿಐ ಮೂಲಕ ಬಂದ ಹಣವನ್ನು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಚಹಾ, ಕಾಂಡಿಮೆಂಟ್ಸ್ ಅಂಗಡಿಗಳಿಗೆ ನೋಟಿಸು ಕಳಿಸಿತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷದ ಸುಮಾರು 1.63 ಕೋಟಿ ರೂಪಾಯಿ ವಹಿವಾಟಿಗೆ 29 ಲಕ್ಷ ಕಟ್ಟಬೇಕೆಂದು ಪತ್ರ ಬಂತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಆದರೆ ಬ್ಯಾಂಕಿನ ಪಟ್ಟಿಯಲ್ಲಿ ತರಕಾರಿ ಮಾರಿದ ಹಣ, ಅಳಿಯ ಕಳಿಸಿದ ಹಣ, ಕೈಗಡ ತಂದ ಹಣ ಎಲ್ಲವೂ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಯಾವುದು ಏನೆಂದು ಹೇಳಬಲ್ಲದ್ದು ವ್ಯಾಪಾರಿಯ ವಹಿ ಮಾತ್ರ. ಇಲಾಖೆ ಆಮೇಲೆ ತನ್ನ ಪಟ್ಟು ಸಡಿಲಿಸಿತು ನಿಜ, ಆದರೆ ಆ ದಿನಗಳಲ್ಲಿ ಸಣ್ಣ ಅಂಗಡಿಕಾರರು ಪಟ್ಟ ಆತಂಕ ನಿನಗೆ ಬರಬಾರದು.

ಎರಡು ಭಾಷೆಯ ಊರಿನಲ್ಲಿ ನಿಜವಾದ ತೊಡಕು ಹೆಸರುಗಳದ್ದು. ಬೆಳಗಾವಿ ಸೀಮೆಯಲ್ಲಿ ಎಷ್ಟು ಪಾಟೀಲರು, ಎಷ್ಟು ದೇಸಾಯಿಯವರು! ಮುಂಜಾನೆ ತಂದೆ ಮರಾಠಿಯಲ್ಲಿ, ಸಂಜೆ ಮಗ ಕನ್ನಡದಲ್ಲಿ, ತಿಂಗಳ ಕೊನೆಗೆ ಕಂಪ್ಯೂಟರಿನವರು ಇಂಗ್ಲಿಷಿನಲ್ಲಿ ಬರೆದಾಗ ಒಬ್ಬನೇ ಗಿರಾಕಿ ಮೂರು ಖಾತೆಯಾಗುತ್ತಾನೆ. ಉದ್ರಿ ಒಂದರಲ್ಲಿ, ಜಮಾ ಇನ್ನೊಂದರಲ್ಲಿ. ರೊಕ್ಕ ಕೊಟ್ಟವನ ಮನೆಗೇ ವಸೂಲಿಗೆ ಹೋದರೆ ಆ ಮನೆತನ ಮತ್ತೆ ನಿನ್ನ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ. ಅದಕ್ಕೇ ಪ್ರತಿ ಉದ್ರಿ ಗಿರಾಕಿಗೂ ಒಂದು ಖಾತೆ ನಂಬರು ಕೊಡು, ಹೆಸರಿನ ಜೊತೆ ಊರನ್ನೂ ಬರೆ. ನಿನ್ನಿಂದ ಕೊಳ್ಳುವ ಅಂಗಡಿಯವರಾದರೆ ಅವರ ಜಿಎಸ್‌ಟಿ ನಂಬರೇ ಸಾಕು. ಹದಿನೈದು ಅಕ್ಷರದ ಆ ನಂಬರು ಯಾವ ಭಾಷೆಯ ವಹಿಯಲ್ಲೂ ಬದಲಾಗುವುದಿಲ್ಲ.

ಅದರ ಮೊದಲ ಎರಡು ಅಂಕಿಗಳನ್ನು ಬಾಯಿಪಾಠ ಮಾಡಿಕೊ: 29 ಕರ್ನಾಟಕ, 27 ಮಹಾರಾಷ್ಟ್ರ, 30 ಗೋವಾ. ಧಾರವಾಡದ ಅಂಗಡಿಗೆ 10,000 ರೂಪಾಯಿಯ ಸೀರೆ ಕಳಿಸಿದರೆ ಶೇ. 5ರ ತೆರಿಗೆ 250 ಕೇಂದ್ರದ್ದು, 250 ರಾಜ್ಯದ್ದು ಎಂದು ಒಡೆಯುತ್ತದೆ. ಅದೇ ಮಾಲು ಕೊಲ್ಹಾಪುರದ ಅಂಗಡಿಗೆ ಹೋದರೆ 500 ಪೂರ್ತಿ ಅಂತರರಾಜ್ಯ ತೆರಿಗೆ, ಅಂದರೆ ಐಜಿಎಸ್‌ಟಿ. ಮೊತ್ತ ಒಂದೇ ಎಂದು ಉದಾಸೀನ ಬೇಡ. ತಪ್ಪು ಖಾತೆಗೆ ಕಟ್ಟಿದರೆ ಸರಿಯಾದ ಖಾತೆಗೆ ಮತ್ತೆ ಕಟ್ಟಬೇಕು, ಮೊದಲು ಕಟ್ಟಿದ್ದನ್ನು ಮರುಪಾವತಿ ಕೇಳಿ ಪಡೆಯಬೇಕು.

ಗಡಿಯ ವ್ಯಾಪಾರಕ್ಕೆ ಇನ್ನೊಂದು ಕಟ್ಟು ಇದೆ. ಕರ್ನಾಟಕದಲ್ಲಿ ಸರಕಿನ ವಾರ್ಷಿಕ ವಹಿವಾಟು 40 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಡ ಎಂಬುದನ್ನೇ ಹಿಡಿದು ಕೆಲವರು ನಿಶ್ಚಿಂತರಾಗಿರುತ್ತಾರೆ. ಹೊರ ರಾಜ್ಯಕ್ಕೆ ತೆರಿಗೆಯುಳ್ಳ ಮಾಲು ಕಳಿಸಿದರೆ ಆ ಮಿತಿ ಲೆಕ್ಕಕ್ಕಿಲ್ಲ. ಕೆಲವು ಕರಕುಶಲ ವಸ್ತುಗಳ ವಿನಾಯಿತಿ ಬಿಟ್ಟರೆ ಮೊದಲ ಪಾರ್ಸಲಿಗೇ ನೋಂದಣಿ ಬೇಕು. ವಹಿವಾಟಿನ ಶೇ. 1 ಕಟ್ಟಿ ಹಗುರಾಗುವ ಕಾಂಪೊಸಿಷನ್ ಯೋಜನೆಯಲ್ಲಿರುವವರು ಹೊರ ರಾಜ್ಯಕ್ಕೆ ಮಾರುವಂತೆಯೇ ಇಲ್ಲ. ಮಹಾರಾಷ್ಟ್ರದ ಚಂದಗಡ, ಗಡಹಿಂಗ್ಲಜದ ಅಂಗಡಿಗಳಿಗೆ ಮಾಲು ಕಳಿಸುವ ಆಸೆ ನಿನಗಿದ್ದರೆ ಆ ಯೋಜನೆಗೆ ಸಹಿ ಹಾಕಬೇಡ.

ದೀಪಾವಳಿಗೆ ಲಕ್ಷ್ಮೀಪೂಜೆ ಮಾಡಿ ಪಾಡ್ಯದಂದು ಹೊಸ ವಹಿ ತೆರೆಯುವುದು ನಮ್ಮ ಪೇಟೆಯ ಚೆಂದದ ಪದ್ಧತಿ, ಬಿಡಬೇಡ. ಆದರೆ ಸರಕಾರದ ವರ್ಷ ಏಪ್ರಿಲ್ 1ಕ್ಕೆ ಶುರು. ಮಾರ್ಚ್ 31ರ ರಾತ್ರಿ ವಹಿಯಲ್ಲಿ ಗೆರೆ ಎಳೆದು, ಕಪಾಟಿನಲ್ಲಿ ಉಳಿದ ಸೀರೆಗಳನ್ನು ಎಣಿಸಿ ಬರೆ. ವಹಿಗಳಿಗೆ ಕ್ರಮಸಂಖ್ಯೆ ಹಾಕು. ತಪ್ಪಾದರೆ ಒಂದು ಗೆರೆ ಎಳೆದು, ಸಹಿ ಮಾಡಿ, ಕೆಳಗೆ ಸರಿಯಾದದ್ದನ್ನು ಬರೆ. ಅಳಿಸುವುದು, ತಿದ್ದಿ ಮೇಲೆ ಬರೆಯುವುದು ಜಿಎಸ್‌ಟಿ ನಿಯಮದಲ್ಲೇ ನಿಷಿದ್ಧ. ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ವಹಿ, ಬಿಲ್ಲು ಎಲ್ಲವನ್ನೂ ಕಾಪಾಡಬೇಕು. ಥರ್ಮಲ್ ಕಾಗದದ ಬಿಲ್ಲು ಅಷ್ಟು ದಿನ ಬಾಳುವುದಿಲ್ಲ, ಬಂದ ದಿನವೇ ಜೆರಾಕ್ಸ್ ಮಾಡಿಸು.

ಟ್ಯಾಲಿ ಬೇಡ ಎನ್ನುತ್ತಿಲ್ಲ. ಅಂಗಡಿ ಬೆಳೆದಂತೆ ಅದು ಬೇಕೇ ಬೇಕು. ಆದರೆ ಅದರಲ್ಲಿ ಏನು ತುಂಬಿದ್ದಾರೆ ಎಂದು ನಿನ್ನ ವಹಿಗೆ ಹೋಲಿಸಿ ನೋಡದೆ ಯಾವ ರಿಟರ್ನಿಗೂ ಒಪ್ಪಿಗೆ ಕೊಡಬೇಡ. ರಿಟರ್ನ್ ತುಂಬುವವರ ಎದುರು ಕೂತು, ಪ್ರತಿ ಸಾಲನ್ನೂ ಕನ್ನಡದಲ್ಲೋ ಮರಾಠಿಯಲ್ಲೋ ಹೇಳಿಸಿಕೊ. ಅವರಿಗೆ ಫೀ ಕೊಡುವವನು ನೀನು, ಕೇಳಲು ಸಂಕೋಚ ಬೇಡ.

ಇಂತಿ,
ನಿನ್ನ ಅಣ್ಣ