ಸ್ಕ್ಯಾನಿಂಗ್ ಸರಿಯಿದೆ, ಸೊಂಟ ಮಾತ್ರ ನೋಯುತ್ತಿದೆ

ಗೊರವನಹಳ್ಳಿಯ ಓದುಗರೊಬ್ಬರಿಗೆ ವರ್ಷದಿಂದ ಸೊಂಟನೋವು. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣಲಿಲ್ಲವೆಂದು ಮನೆಯವರು ‘ಬರೀ ಭ್ರಮೆ’ ಎನ್ನುತ್ತಾರಂತೆ.

ಭ್ರಮೆಯಲ್ಲ.

1965ರಲ್ಲಿ ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್ ಮಂಡಿಸಿದ ಸಿದ್ಧಾಂತದಂತೆ, ನೋವಿನ ಸಂಕೇತಗಳಿಗೆ ಬೆನ್ನುಹುರಿಯಲ್ಲೊಂದು ಬಾಗಿಲಿದೆ. ಅದನ್ನು ತೆರೆಯುವ, ಮುಚ್ಚುವ ಕೆಲಸದಲ್ಲಿ ಮಿದುಳಿಗೂ ಪಾಲುಂಟು. ಸಾಲದ ಚಿಂತೆ, ಭಯ, ನಿದ್ದೆಗೇಡು ನೋವನ್ನು ಹೆಚ್ಚಿಸುತ್ತವೆ. ಮೂರು ತಿಂಗಳು ದಾಟಿದ ನೋವಿನಲ್ಲಿ ನರವ್ಯೂಹವೇ ಅತಿಸೂಕ್ಷ್ಮವಾಗಿರಬಹುದು.

ಹಾಗೆಂದು ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟುವ ಮೊದಲು ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಬೇಕು. ಪಾವಗಡದಂಥ ಸೀಮೆಗಳ ಕೊಳವೆಬಾವಿ ನೀರಿನ ಫ್ಲೋರೈಡ್ ಕುಖ್ಯಾತ; ಅದರ ಪ್ರಮಾಣ ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಬೆನ್ನು, ಕೀಲುಗಳು ಬಿಗಿಯಬಹುದು.

ನಿತ್ಯ ನಡಿಗೆ, ಹೊತ್ತಿಗೆ ನಿದ್ದೆ, ಜೊತೆಗೆ ಆಪ್ತಸಮಾಲೋಚನೆ ನೆರವಾಗುತ್ತವೆ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು. ಕಾಲು ಬಲಗುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ಮಾತ್ರ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.