ವಿದೇಶಾಂಗ ಸೇವೆಗೆ ಹೊರಟವಳಿಗೆ

ಪ್ರೀತಿಯ ಮಗಳೇ,

ಪಕ್ಕದ ದೇಶದಲ್ಲಿ ಪ್ರಜಾಪ್ರಭುತ್ವ ಇದ್ದರೆಷ್ಟು ಬಿಟ್ಟರೆಷ್ಟು, ನಮ್ಮ ಹಿತ ನಾವು ನೋಡಿಕೊಂಡರೆ ಸಾಲದೇ ಎಂದು ಕೇಳಿದ್ದೀಯೆ. ಸಾಲದು ಎಂದೇ ನನ್ನ ನಂಬಿಕೆ.

1946ರ ಕಥೆ ಓದಿಕೋ. ನಮಗಿನ್ನೂ ಸ್ವಾತಂತ್ರ್ಯವೇ ಬಂದಿರಲಿಲ್ಲ. ಭಾರತೀಯರು ಎಲ್ಲಿ ಜಮೀನು ಕೊಳ್ಳಬಹುದು, ಎಲ್ಲಿ ವಾಸಿಸಬಹುದು ಎಂದು ದಕ್ಷಿಣ ಆಫ್ರಿಕಾ ಕಾನೂನು ಮಾಡಿ ಗೆರೆ ಎಳೆಯಿತು. ಭಾರತ ಆ ದೇಶದೊಂದಿಗಿನ ವ್ಯಾಪಾರವನ್ನೇ ನಿಲ್ಲಿಸಿತು. ನಮ್ಮ ರಫ್ತಿನ ಸುಮಾರು ಶೇ. 5ರಷ್ಟು ಅಲ್ಲಿಗೆ ಹೋಗುತ್ತಿತ್ತು. ಬಡ ದೇಶಕ್ಕೆ ಅದು ಸಣ್ಣ ನಷ್ಟವಲ್ಲ. ವಿಶ್ವಸಂಸ್ಥೆಯಲ್ಲಿ ವಿಜಯಲಕ್ಷ್ಮಿ ಪಂಡಿತರು ದೂರು ಮಂಡಿಸಿದಾಗ ಎದುರಿಗಿದ್ದವರು ಸ್ವತಃ ಆ ದೇಶದ ಪ್ರಧಾನಿ ಸ್ಮಟ್ಸ್. ಇದು ತಮ್ಮ ಆಂತರಿಕ ವಿಷಯ ಎಂಬುದೇ ಅವರ ವಾದ. ಸಭೆ ಅದಕ್ಕೆ ಸೊಪ್ಪು ಹಾಕಲಿಲ್ಲ: 32 ರಾಷ್ಟ್ರಗಳು ನಮ್ಮ ಪರ, 15 ವಿರುದ್ಧ. 1974ರಲ್ಲಿ ಡೇವಿಸ್ ಕಪ್ ಟೆನಿಸ್ ಫೈನಲ್ ತಲುಪಿದ್ದ ನಮ್ಮ ತಂಡ, ಎದುರಾಳಿ ವರ್ಣಭೇದ ನೀತಿಯ ದಕ್ಷಿಣ ಆಫ್ರಿಕಾ ಎಂಬ ಕಾರಣಕ್ಕೆ ಕಣಕ್ಕಿಳಿಯದೆ ಕಪ್ಪನ್ನೇ ಬಿಟ್ಟುಕೊಟ್ಟಿತು. ರಾಜತಾಂತ್ರಿಕ ಸಂಬಂಧ ಮತ್ತೆ ಕುದುರಿದ್ದು 1993ರಲ್ಲಿ. ಅಷ್ಟು ದೀರ್ಘ ಕಾಲ ಕೈಯಿಂದ ಕಳೆದುಕೊಂಡು ನಿಂತದ್ದರಿಂದಲೇ ನಮ್ಮ ಮಾತಿಗೆ ತೂಕ ಬಂತು.

ಈಗ ಮ್ಯಾನ್ಮಾರ್ ನೋಡು. 1988ರಲ್ಲಿ ಅಲ್ಲಿನ ಜನ ಸೇನಾಡಳಿತದ ವಿರುದ್ಧ ಬೀದಿಗಿಳಿದಾಗ ನಾವು ಅವರ ಪರವಿದ್ದೆವು. ತೊಂಬತ್ತರ ದಶಕದಲ್ಲಿ ಸೇನೆಯೊಂದಿಗೇ ಕೈಜೋಡಿಸಿದೆವು. ಈಶಾನ್ಯದ ಬಂಡುಕೋರರು ಗಡಿಯಾಚೆ ಅಡಗುತ್ತಿದ್ದರು, ಚೀನಾದ ಪ್ರಭಾವ ಬೆಳೆಯುತ್ತಿತ್ತು. ಈ ಕಾರಣಗಳನ್ನು ನಾನು ಸುಳ್ಳೆನ್ನಲಾರೆ. ಆದರೆ 2021ರ ಫೆಬ್ರವರಿಯಲ್ಲಿ ಸೇನೆ ಚುನಾಯಿತ ಸರ್ಕಾರವನ್ನು ಕಿತ್ತೊಗೆದ ಮೇಲೆ, ಜೂನ್‌ನಲ್ಲಿ ವಿಶ್ವಸಂಸ್ಥೆಯ ಖಂಡನಾ ನಿರ್ಣಯಕ್ಕೆ 119 ರಾಷ್ಟ್ರಗಳು ಕೈ ಎತ್ತಿದಾಗ ನಾವು ಮತ ಹಾಕದೆ ಕುಳಿತದ್ದು ನನಗೆ ಇಂದಿಗೂ ನೋವು.

ಅದೇ ಹೊತ್ತಿನಲ್ಲಿ ಮ್ಯಾನ್ಮಾರ್‌ನ ಜನ ಗಡಿಯ ತಿಯಾವು ನದಿ ದಾಟಿ ಮಿಜೋರಾಂಗೆ ಬರುತ್ತಿದ್ದರು. ಅವರನ್ನು ತಡೆಯಿರಿ ಎಂದು ಕೇಂದ್ರ ಪತ್ರ ಬರೆಯಿತು. ಇವರು ನಮ್ಮ ರಕ್ತಸಂಬಂಧಿಗಳು, ಬೆನ್ನು ತಿರುಗಿಸಲಾರೆವು ಎಂಬ ಅರ್ಥದಲ್ಲಿ ಮುಖ್ಯಮಂತ್ರಿ ಜೋರಾಂಥಂಗ ಪ್ರಧಾನಿಗೇ ಬರೆದರು. ಹಳ್ಳಿಗರು, ಚರ್ಚ್‌ಗಳು, ಯುವಕ ಸಂಘಗಳು ಅಕ್ಕಿ, ಹೊದಿಕೆ ಒಟ್ಟುಮಾಡಿ ಕೊಟ್ಟವು.

ಪರದೇಶಕ್ಕೆ ಉಪದೇಶ ಮಾಡುವುದು ನಿನ್ನ ಕೆಲಸವಲ್ಲ ಮಗಳೇ. ಹಾಗೆ ಮಾಡಿದರೆ ನಿಮ್ಮ ಜೈಲುಗಳ ಕಥೆಯೇನು ಎಂದು ಅವರೂ ಕೇಳುತ್ತಾರೆ, ಕೇಳಲಿ. ಓಡಿಬಂದವರಿಗೆ ಆಸರೆ, ಗಡಿಪಾರಾದ ವಿದ್ಯಾರ್ಥಿಗೆ ವೀಸಾ, ನಿರಾಶ್ರಿತರಿಗೆ ನಮ್ಮಲ್ಲಿ ಇಂದಿಗೂ ಇಲ್ಲದ ಒಂದು ಕಾನೂನು: ಇವುಗಳಿಗಾಗಿ ನಿನ್ನ ಟಿಪ್ಪಣಿಗಳಲ್ಲಿ ಒತ್ತಾಯಿಸು. ಮೇಲಧಿಕಾರಿ ಹೊಡೆದುಹಾಕಿದರೆ ಮತ್ತೆ ಬರೆ.

ಪರೀಕ್ಷೆ ಮುಗಿದ ಮೇಲೆ ದೆಹಲಿಗಿಂತ ಮೊದಲು ಮಿಜೋರಾಂನ ಐಜಾಲ್‌ಗೆ ಹೋಗಿ ಬಾ. ಖರ್ಚು ನನ್ನದು.

ಇತಿ,
ನಿನ್ನ ದೊಡ್ಡಪ್ಪ